ಆರನೇ ತಿಂಗಳಿಗೆ ಒಂದು ಸ್ಟೂಲ್

ಮಾನ್ಯ ಸಂಪಾದಕರೇ,

ಬಸುರಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡಿನಲ್ಲಿ ಒಂದು ಚಿತ್ರ ಇದೆ. ಬಸುರಿ ಹೆಂಗಸೊಬ್ಬಳು ಮಲಗಿ ವಿಶ್ರಾಂತಿ ತಗೊಳ್ಳುತ್ತಿದ್ದಾಳೆ. ರಾತ್ರಿ ಎಂಟು ಗಂಟೆ ನಿದ್ದೆ, ಹಗಲಲ್ಲಿ ಕಡಿಮೆ ಅಂದರೂ ಎರಡು ಗಂಟೆ ವಿಶ್ರಾಂತಿ ಬೇಕು ಅನ್ನುತ್ತದೆ ಕಾರ್ಡು. ಅದನ್ನು ನಾನು ಓದಿದ್ದು ಸೀರೆ ಅಂಗಡಿಯ ಕೌಂಟರ್ ಹಿಂದೆ, ನಿಂತುಕೊಂಡು.

ನನಗೀಗ ಆರರಲ್ಲಿ ಬಿದ್ದಿದೆ. ಡಾಕ್ಟರ ಲೆಕ್ಕದಲ್ಲಿ 24ನೇ ವಾರ. ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯಲ್ಲಿ. ಬೆಳಿಗ್ಗೆ ಒಂಬತ್ತೂವರೆಗೆ ಅಂಗಡಿ ಒಳಗೆ ಹೋದರೆ ಹೊರಗೆ ಬರುವುದು ರಾತ್ರಿ ಎಂಟೂವರೆಗೆ. ಊಟಕ್ಕೆ ಸರದಿ ಮೇಲೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ನಿಂತೇ ಇರಬೇಕು, ಗಿರಾಕಿ ಇರಲಿ ಬಿಡಲಿ. ನಮ್ಮ ಮಹಡಿಯಲ್ಲಿ ಎಂಟು ಮೆತ್ತನೆಯ ಕುರ್ಚಿಗಳಿವೆ. ಎಂಟೂ ಗಿರಾಕಿಗಳಿಗೆ. ಕೆಲಸದವರು ಕೂತಿದ್ದರೆ ಬಂದವರಿಗೆ ಸೋಮಾರಿಗಳ ಅಂಗಡಿ ಅನ್ನಿಸುತ್ತದಂತೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ಹೆರಿಗೆ ಆದ ಮೇಲೆ ನಾನು ಅಲ್ಲಿಗೇ ಕೆಲಸಕ್ಕೆ ಹೋಗಬೇಕು.

ಮೊದಲ ಮೂರು ತಿಂಗಳು ನನ್ನನ್ನು ಎಲ್ಲರೂ ಗಾಜಿನ ಬಳೆ ಹಿಡಿದ ಹಾಗೆ ಹಿಡಿದರು. ವಾಂತಿ ಜಾಸ್ತಿ ಇತ್ತು. ಹೊಸ ಪಾಲಿಸ್ಟರ್ ಸೀರೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳೆಸುತ್ತಿತ್ತು. ನಮ್ಮ ಸೂಪರ್‌ವೈಸರ್ ಅಣ್ಣನೇ ಪಾಪ ನಿಂಬೆಹಣ್ಣು ತಂದುಕೊಟ್ಟಿದ್ದರು. ಕೊನೆಯ ಮೂರು ತಿಂಗಳಲ್ಲೂ ಹಾಗೇ ನೋಡಿಕೊಳ್ಳುತ್ತಾರೆ, ನನಗೆ ಗೊತ್ತು. ಹೊಟ್ಟೆ ಮುಂದೆ ಬಂದಿರುತ್ತದೆ, ನೋಡಿದವರಿಗೇ ಭಯ ಆಗುತ್ತದೆ. ನಡುವಿನ ನಾಲ್ಕು, ಐದು, ಆರಕ್ಕೆ ಮಾತ್ರ ಹೇಳುವವರು ಕೇಳುವವರು ಯಾರೂ ಇಲ್ಲ. "ವಾಂತಿ ನಿಂತಿತಲ್ಲ, ಇನ್ನೇನು ಆರಾಮು" ಅಂತಾರೆ. ಆರಾಮು ನಿಜವೇ. ಹಸಿವು ಬಂದಿದೆ, ನಿದ್ದೆ ಬರುತ್ತದೆ, ಮಂಡಕ್ಕಿ ಮೆಣಸಿನಕಾಯಿ ಕಂಡರೆ ಬಾಯಲ್ಲಿ ನೀರು ಬರುತ್ತದೆ. ತಿಂದ ಮೇಲೆ ಎದೆ ಉರಿ ಬರುತ್ತದೆ, ಅದು ಬೇರೆ ಮಾತು. ಆದರೆ ಆರಾಮು ಅನ್ನುವ ಮಾತನ್ನೇ ಹಿಡಿದುಕೊಂಡು ನನ್ನನ್ನು ಹನ್ನೊಂದು ಗಂಟೆ ನಿಲ್ಲಿಸಿದ್ದಾರೆ. ನನ್ನ ತಕರಾರು ಅಷ್ಟೇ.

ಐದನೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಪಾದ ಊದಿಕೊಳ್ಳಲು ಶುರುವಾಯಿತು. ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಮೂಡಿರುತ್ತಿತ್ತು. ಒಂದು ರಾತ್ರಿ ಮನೆಗೆ ಬಂದು ಬಿಸಿನೀರಲ್ಲಿ ಕಾಲಿಟ್ಟು ಕೂತಿದ್ದೆ. ಎಡಗಾಲಿನ ಕಾಲುಂಗುರ ಬೆರಳೊಳಗೆ ಹೂತು ಹೋಗಿತ್ತು. ಎರಡು ಕಡೆಯೂ ಮಾಂಸ ಉಬ್ಬಿ ಬೆಳ್ಳಿಯೇ ಕಾಣುತ್ತಿರಲಿಲ್ಲ. ನಮ್ಮತ್ತೆ ನೋಡಿದರು. ಮುತ್ತೈದೆ ಕಾಲುಂಗುರ ಬಿಚ್ಚಬಾರದು ಅಂತ ನನಗೆ ನೂರು ಸಲ ಹೇಳಿದವರು ಅವರು. ಏನೂ ಮಾತಾಡಲಿಲ್ಲ. ಪಾತ್ರೆ ತೊಳೆಯುವ ಸೋಪು ತಂದು, ನನ್ನ ಕಾಲನ್ನು ತಮ್ಮ ತೊಡೆ ಮೇಲಿಟ್ಟುಕೊಂಡು, ಬೆರಳಿಗೆ ನೊರೆ ಹಚ್ಚಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ತೆಗೆದರು. ಹತ್ತು ನಿಮಿಷ ಹಿಡಿಯಿತು. ಆಮೇಲೆ ಉಂಗುರ ತೊಳೆದು, ಕುಂಕುಮ ಹಚ್ಚಿ, ಜಗಲಿ ಮೇಲೆ ದೇವರ ಮುಂದೆ ಇಟ್ಟರು. ಇನ್ನೂ ಅಲ್ಲೇ ಇದೆ.

ಅದಕ್ಕೆ ಮುಂಚೆ ಅವರದೂ ಬೇರೆಯದೇ ಮಾತಿತ್ತು. "ನಾವು ಏಳ್ರಾಗ ಇದ್ದಾಗ ಗದ್ದೇಲಿ ನಾಟಿ ಹಚ್ಚಿಲ್ಲೇನು?" ಅನ್ನುತ್ತಿದ್ದರು. ಹಚ್ಚಿದ್ದಾರೆ, ಸುಳ್ಳಲ್ಲ. ಭದ್ರಾ ಕಾಲುವೆ ನೀರಿನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಮಾಡಿದ ಕೈ ಅದು. ಅದಕ್ಕಿಂತ ಕಷ್ಟದ ಕೆಲಸ ನನ್ನದು ಅಂತ ನಾನು ಯಾವತ್ತೂ ಹೇಳಲಾರೆ. ಆದರೆ ಗದ್ದೆಯಲ್ಲಿ ಬಗ್ಗುತ್ತಾರೆ, ಏಳುತ್ತಾರೆ, ನಡೆಯುತ್ತಾರೆ. ಸುಸ್ತಾದರೆ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾರೆ. ಕೂತಿದ್ದು ಯಾಕೆ ಅಂತ ಕೇಳಲು ಅಲ್ಲಿ ಕ್ಯಾಮೆರಾ ಇರಲಿಲ್ಲ. ನಾನು ನಿಲ್ಲುವುದು ಟೈಲ್ಸ್ ನೆಲದ ಮೇಲೆ, ಎರಡಡಿ ಜಾಗದಲ್ಲಿ. ನಡೆದರೆ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದಂತೆ, ಒಂದೇ ಕಡೆ ನಿಂತರೆ ಅದು ಕಾಲಲ್ಲೇ ಇಳಿದು ಕೂರುತ್ತದಂತೆ. ಬಸುರಿಯಲ್ಲಿ ರಕ್ತವೂ ಜಾಸ್ತಿ, ಮೇಲಿಂದ ಗರ್ಭದ ಭಾರ ಬೇರೆ. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಹೀಗೆ ಬಿಡಿಸಿ ಹೇಳಿದಾಗ ಅತ್ತೆಯೂ ಜೊತೆಗಿದ್ದರು. ಅವತ್ತಿನಿಂದ ನಾಟಿಯ ಮಾತು ಬಂದಿಲ್ಲ.

ಬಿಪಿ ನೋಡಿದರು, 110/70 ಇತ್ತು. ಸಂಜೆ ಪಾದ ಊದಿ ಬೆಳಿಗ್ಗೆ ಇಳಿದರೆ ಹೆದರಬೇಡ ಅಂದರು. ಮುಖ, ಕೈ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ರಕ್ತ ಕಂಡರೆ, ನೀರು ಹೋದರೆ ಮಾತ್ರ ಒಂದು ನಿಮಿಷವೂ ಕಾಯಬೇಡ, 108ಕ್ಕೆ ಫೋನ್ ಮಾಡು ಅಂತ ಅತ್ತೆಗೆ ಎರಡೆರಡು ಸಲ ಹೇಳಿ ಕಳಿಸಿದರು.

ಹಳೇ ಬಟ್ಟೆ ಅಂಗಡಿಗಳನ್ನು ನೋಡಿದವರಿಗೆ ಗಾದಿ ನೆನಪಿರುತ್ತದೆ. ಅಂಗಡಿ ತುಂಬ ಬಿಳಿ ಗಾದಿ ಹಾಸಿರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಸಾಹುಕಾರರೂ ಕೂತಿರುತ್ತಿದ್ದರು, ಸೀರೆ ಬಿಚ್ಚಿ ತೋರಿಸುವವರೂ ಕೂತಿರುತ್ತಿದ್ದರು, ಕೊಳ್ಳುವವರೂ ಕೂತಿರುತ್ತಿದ್ದರು. ನನ್ನ ಮದುವೆ ಸೀರೆಯನ್ನು ನಮ್ಮಪ್ಪ ಚೌಕಿಪೇಟೆಯ ಅಂಥದ್ದೊಂದು ಅಂಗಡಿಯಲ್ಲೇ ಗೋಡೆಗೆ ಒರಗಿ ಕೂತು ಚೌಕಾಸಿ ಮಾಡಿ ತಂದಿದ್ದರು. ಆಗ ಯಾರಿಗೂ ಅದು ಸೋಮಾರಿಗಳ ಅಂಗಡಿ ಅನ್ನಿಸಿರಲಿಲ್ಲ. ಗಾದಿ ಹೋಗಿ ಗಾಜಿನ ಕೌಂಟರ್ ಬಂತು. ಗಿರಾಕಿಗೆ ಕುರ್ಚಿ ಬಂತು. ನಮಗೆ ಏನೂ ಬರಲಿಲ್ಲ.

ನಾವು ಹುಡುಗಿಯರು ಒಂದು ಉಪಾಯ ಮಾಡಿದ್ದೆವು. ಸೀರೆ ಬರುವ ದಪ್ಪ ರಟ್ಟಿನ ಪೆಟ್ಟಿಗೆಯೊಳಗೆ ತುಂಡು ಬಟ್ಟೆ ಗಿಡಿದು ತುಂಬಿ ಕೌಂಟರ್ ಕೆಳಗೆ ಇಟ್ಟುಕೊಂಡೆವು. ಗಿರಾಕಿ ಇಲ್ಲದಾಗ ಐದೈದು ನಿಮಿಷ ಸರದಿ ಮೇಲೆ ಕೂರುವುದು. ನನಗೆ ಎಲ್ಲರೂ ತಮ್ಮ ಸರದಿ ಬಿಟ್ಟುಕೊಡುತ್ತಿದ್ದರು. ಎರಡು ವಾರ ನಡೆಯಿತು. ಮೂರನೇ ವಾರ ನಾನು ಕೂತಿರುವ ಫೋಟೊ ಅಂಗಡಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂತು. ಕೆಳಗೆ ಬರೀ ಒಂದು ಪ್ರಶ್ನೆ ಚಿಹ್ನೆ. ಪೆಟ್ಟಿಗೆ ಅವತ್ತೇ ಗುಜರಿಗೆ ಹೋಯಿತು.

ಈಗ ಒಂದು ಕಾಲನ್ನು ಕೌಂಟರಿನ ಕೆಳಗಿನ ಪಟ್ಟಿಯ ಮೇಲಿಟ್ಟು ನಿಲ್ಲುತ್ತೇನೆ. ಅರ್ಧ ಗಂಟೆಗೊಮ್ಮೆ ಕಾಲು ಬದಲಾಯಿಸುತ್ತೇನೆ. ಸೊಂಟಕ್ಕೆ ಅಷ್ಟು ಹಗುರ ಆಗುತ್ತದೆ. ನಿಂತು ಕೆಲಸ ಮಾಡುವ ಬಸುರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಮಾಡಿ ನೋಡಿ. ಹಿಮ್ಮಡಿ ಎತ್ತಿ ಇಳಿಸಿ ಮಾಡುವುದಕ್ಕೂ ಯಾರ ಅಪ್ಪಣೆ ಬೇಕಿಲ್ಲ.

ಹೋದ ತಿಂಗಳು ರಾಣೆಬೆನ್ನೂರು ಕಡೆಯ ಒಂದು ಮನೆಯವರು ಬಂದರು. ಆರು ಜನ. ಏಳು ತಿಂಗಳ ಸೊಸೆಗೆ ಕುಬಸ, ಹಸಿರು ಸೀರೆ ಬೇಕು. ಹಸಿರಿನಲ್ಲಿ ಎಷ್ಟು ಬಗೆ ಇದೆ ಅನ್ನುವುದು ಕುಬಸದ ಸೀರೆ ತೋರಿಸಿದವರಿಗೇ ಗೊತ್ತು. ಗಿಳಿ ಹಸಿರು, ಬಾಳೆಲೆ ಹಸಿರು, ಬಾಟಲಿ ಹಸಿರು. ಇಳಕಲ್ ತೋರಿಸಿದೆ, ಮೊಳಕಾಲ್ಮೂರು ರೇಷ್ಮೆ ತೋರಿಸಿದೆ. ಮೇಲಿನ ಶೆಲ್ಫಿಗೆ ಕೈ ಚಾಚಿದಾಗ ಕಿಬ್ಬೊಟ್ಟೆಯ ಬಲಗಡೆ ಚುಳುಕ್ ಅಂದಿತು. ಗರ್ಭ ಬೆಳೆಯುವಾಗ ಅದನ್ನು ಹಿಡಿದಿರುವ ನಾರು ಎಳೆಯುತ್ತದೆ, ದಿಢೀರ್ ಅಂತ ತಿರುಗಬೇಡ ಅಂತ ಡಾಕ್ಟರು ಹೇಳಿದ್ದರು, ಮರೆತಿದ್ದೆ. ಸೊಸೆಯ ಅತ್ತೆ ಮೆತ್ತನೆಯ ಕುರ್ಚಿಯಲ್ಲಿ ಕೂತು, "ಹುಡುಗಿಗೆ ದಣಿವಾಗಬಾರದು ಅಂತ ನಾವೇ ಬಂದ್ವಿ" ಅನ್ನುತ್ತಿದ್ದರು. ನಗು ಬಂತು ನನಗೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವರಿಗೆ ಗೊತ್ತಿರಲಿಲ್ಲ. ಯೂನಿಫಾರ್ಮ್ ಸೀರೆಗೆ ಸೆರಗು ಅಗಲ ಮಾಡಿ ಪಿನ್ ಹಾಕಿದರೆ ನನ್ನ ಹೊಟ್ಟೆ ಕಾಣುವುದೇ ಇಲ್ಲ.

ಅವರ ಜೊತೆ ಒಬ್ಬ ಮುದುಕಿ ಇದ್ದರು. ಅವರು ಸೀರೆ ನೋಡುತ್ತಿರಲಿಲ್ಲ. ನಾನು ಕಾಲು ಬದಲಾಯಿಸುವುದನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಎಷ್ಟ್ರಾಗ ಐತವ್ವಾ ನಿಂಗ?" ಅಂದರು. ಐದು ತುಂಬಿತಮ್ಮ ಅಂದೆ. ಎದ್ದು ನಿಂತರು. ತಮ್ಮ ಕುರ್ಚಿಯನ್ನು ಕೌಂಟರ್ ಸುತ್ತಿ ಎಳೆದುಕೊಂಡು ಬಂದು ನನ್ನ ಹಿಂದೆ ಇಟ್ಟು, "ಕುಂದ್ರು. ಸೀರಿ ನಾ ಬಿಚ್ಚತೀನಿ" ಅಂದರು. ಹೇಳಿದ್ದಷ್ಟೇ ಅಲ್ಲ, ಒಂದು ಸೀರೆ ಬಿಚ್ಚಿಯೇ ಬಿಟ್ಟರು. ನಾನು ಕ್ಯಾಮೆರಾ ನೋಡಿದೆ. ಸೂಪರ್‌ವೈಸರ್ ಅಣ್ಣ ಮೆಟ್ಟಿಲ ಹತ್ತಿರ ನಿಂತಿದ್ದವರು ಬೇರೆ ಕಡೆ ತಿರುಗಿಕೊಂಡರು. ಹದಿನೈದು ನಿಮಿಷ ಕೂತಿದ್ದೆ. ಆ ಹದಿನೈದು ನಿಮಿಷದಲ್ಲಿ ಎರಡು ಸೀರೆ ಮಾರಿದೆ. ಕೂತರೆ ವ್ಯಾಪಾರ ಆಗುವುದಿಲ್ಲ ಅನ್ನುವವರ ಗಮನಕ್ಕೆ ಇದನ್ನು ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ನಮ್ಮ ಅಂಗಡಿಯ ಶೌಚಾಲಯ ಇರುವುದು ಎರಡು ಮಹಡಿ ಮೇಲೆ. ಹೋಗಿ ಬರಲು ಹತ್ತು ನಿಮಿಷ. ಮದುವೆ ಸೀಸನ್ನಿನಲ್ಲಿ ಪದೇ ಪದೇ ಹೋದರೆ ಮುಖ ನೋಡುತ್ತಾರೆ. ಅದಕ್ಕೇ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ನಾಲ್ಕನೇ ತಿಂಗಳ ಕೊನೆಗೆ ಉರಿಮೂತ್ರ ಬಂತು, ಚಳಿ ಜ್ವರ ಬಂತು. ಬಸುರಿಯಲ್ಲಿ ಇದು ಬೇಗ ಬರುತ್ತದೆ, ಬಿಟ್ಟರೆ ಕಿಡ್ನಿಗೆ ಏರುತ್ತದೆ, ಮಗುವಿಗೂ ತೊಂದರೆ ಅಂತ ಡಾಕ್ಟರು ಬೈದು ಮಾತ್ರೆ ಕೊಟ್ಟರು. ನಾಲ್ಕು ದಿನ ರಜೆ, ನಾಲ್ಕು ದಿನದ ಸಂಬಳ ಕಟ್. ಹತ್ತು ಹತ್ತು ನಿಮಿಷ ಉಳಿಸಲು ಹೋಗಿ ಅಂಗಡಿಗೂ ನಾಲ್ಕು ದಿನ ಹೋಯಿತು ನೋಡಿ. ಈಗ ಎರಡು ಲೀಟರ್ ಬಾಟಲಿ ಕೌಂಟರ್ ಮೇಲೆಯೇ ಇಡುತ್ತೇನೆ. ಯಾರು ಹೇಗೆ ಬೇಕಾದರೂ ನೋಡಲಿ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 2017ರಿಂದ ಮಾತೃಪೂರ್ಣ ಯೋಜನೆ ಇದೆ. ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ನಮ್ಮ ಓಣಿಯ ಅಂಗನವಾಡಿ ಟೀಚರ್ ನನ್ನ ಹೆಸರನ್ನೂ ಬರೆದುಕೊಂಡಿದ್ದಾರೆ. ಆದರೆ ಊಟ ಮಧ್ಯಾಹ್ನ, ಹರಿಹರದಲ್ಲಿ. ಆ ಹೊತ್ತಿಗೆ ನಾನು ದಾವಣಗೆರೆಯಲ್ಲಿ ಡಬ್ಬಿ ಬಿಚ್ಚುತ್ತಿರುತ್ತೇನೆ. ವಾರದ ರಜೆಯ ದಿನ ಹೋಗಿ ಉಣ್ಣುತ್ತೇನೆ, ರುಚಿ ಚೆನ್ನಾಗಿರುತ್ತದೆ. ಹಾಗೇ ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ಮೇಲ್ಪಟ್ಟ ಬಸುರಿಯರಿಗೆ ಉಚಿತ ತಪಾಸಣೆ. 2016ರಿಂದ ನಡೆಯುತ್ತಿದೆ. ನಡುವಿನ ತಿಂಗಳುಗಳನ್ನು ನೆನಪಿಟ್ಟುಕೊಂಡು ಮಾಡಿದ್ದು ಇದೊಂದನ್ನೇ ನಾನು ಕಂಡಿದ್ದು. ಅದಕ್ಕೂ ನಾನು ಅರ್ಧ ದಿನದ ಸಂಬಳ ಬಿಡಬೇಕು.

ಮಾತ್ರೆಗಳ ಲೆಕ್ಕ ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಕಬ್ಬಿಣದ ಮಾತ್ರೆ ದಿನಕ್ಕೆ ಒಂದು, ಕ್ಯಾಲ್ಸಿಯಂ ಎರಡು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಾನು ಕಬ್ಬಿಣದ ಮಾತ್ರೆಯನ್ನು ಅಂಗಡಿಯ ನಾಲ್ಕು ಗಂಟೆ ಚಹಾದ ಜೊತೆ ನುಂಗುತ್ತಿದ್ದೆ! ಚಹಾನೂ ಅದಕ್ಕೆ ಶತ್ರುವಂತೆ. ಆಶಾ ಕಾರ್ಯಕರ್ತೆ ಅಕ್ಕ ಕೇಳಿ ಹಣೆ ಚಚ್ಚಿಕೊಂಡರು. ಈಗ ಕ್ಯಾಲ್ಸಿಯಂ ತಿಂಡಿಗೊಂದು, ಮಧ್ಯಾಹ್ನದ ಊಟಕ್ಕೊಂದು. ಕಬ್ಬಿಣ ರಾತ್ರಿ ಊಟ ಆದ ಮೇಲೆ. ಹಿಮೋಗ್ಲೋಬಿನ್ 9.4 ಇದ್ದದ್ದು 10.3 ಆಗಿದೆ. 11 ದಾಟಬೇಕು. ಮಲ ಕಪ್ಪಗಾಗುತ್ತದೆ, ಗಟ್ಟಿಯೂ ಆಗುತ್ತದೆ, ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ ಅಂತ ಅಕ್ಕ ಎಲ್ಲರಿಗೂ ಹೇಳುತ್ತಾರೆ. ನಾನು ಸೊಪ್ಪು, ನೀರು, ಪೇರಲ ಹಣ್ಣಿನಲ್ಲಿ ಸಂಭಾಳಿಸುತ್ತಿದ್ದೇನೆ.

ರಾತ್ರಿ ಕಷ್ಟಕ್ಕೆ ಮನೆಯಲ್ಲಿ ಜನ ಇದ್ದಾರೆ. ಎರಡು ಗಂಟೆ ಹೊತ್ತಿಗೆ ಮೀನಖಂಡ ಹಿಡಿದುಕೊಂಡರೆ ಕೂಗಿಕೊಂಡೇ ಏಳುತ್ತೇನೆ. ನಮ್ಮ ಮನೆಯವರು ಗೂಡ್ಸ್ ಆಟೊ ಓಡಿಸುತ್ತಾರೆ, ಬಿದ್ದರೆ ಕಟ್ಟಿಗೆ ಹಾಗೆ ಮಲಗುವವರು. ಆದರೂ ಎದ್ದು ಮೊಣಕಾಲು ನೆಟ್ಟಗೆ ಮಾಡಿ, ಕಾಲ್ಬೆರಳನ್ನು ನನ್ನ ಕಡೆಗೆ ಬಗ್ಗಿಸಿ ಹಿಡಿಯುತ್ತಾರೆ. ಅರ್ಧ ನಿಮಿಷಕ್ಕೆ ಬಿಡುತ್ತದೆ. ಅತ್ತೆ ತಾವು ಹೊಲಿದ ಹಳೇ ಕೌದಿಯನ್ನು ಮಡಚಿ ಕೊಟ್ಟಿದ್ದಾರೆ. ಎಡಕ್ಕೆ ಹೊರಳಿ ಮಲಗಿ ಅದನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡರೆ ಸೊಂಟದ ಭಾರವೆಲ್ಲ ಕೌದಿಯೇ ಹೊರುತ್ತದೆ. ಅಂಗಡಿಗಳಲ್ಲಿ ಬಸುರಿಯರ ದಿಂಬು ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಕೌದಿ ಇರುವವರು ಆ ದುಡ್ಡಿಗೆ ಹಣ್ಣು ತನ್ನಿ.

ಬಸ್ಸಿನದೂ ಒಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನನಗೆ ತಿಂಗಳಿಗೆ ಒಳ್ಳೆಯ ಉಳಿತಾಯ. ರಷ್ಷೂ ಅಷ್ಟೇ ಆಗಿದೆ. ಹೆಂಗಸರ ಸೀಟಿನಲ್ಲಿ ಕೂತವರೂ ನನ್ನ ಹಾಗೇ ದುಡಿಯಲು ಹೋಗುವವರು, ಎಬ್ಬಿಸಲು ಮನಸ್ಸಾಗುವುದಿಲ್ಲ. ಒಂದು ದಿನ ಕೇಳಿದರೆ ಒಬ್ಬಾಕೆ ನನ್ನ ಹೊಟ್ಟೆ ನೋಡಿ, "ಏನೂ ಕಾಣಲ್ವಲ್ಲ" ಅಂದಳು. ತಾಯಿ ಕಾರ್ಡಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕೇನೋ ಅನ್ನಿಸಿತು. ಈಗ ಹತ್ತುವಾಗಲೇ ಕಂಡಕ್ಟರಿಗೆ ಹೇಳಿಬಿಡುತ್ತೇನೆ. ಎಂಟೂ ಹತ್ತರ ಬಸ್ಸಿನ ಕಂಡಕ್ಟರ್ ಅಣ್ಣ, "ಯಾರಾದ್ರೂ ಒಂದು ಸೀಟ್ ಬಿಟ್ಕೊಡ್ರವ್ವ, ಇಬ್ರು ಹತ್ತಿದಾರೆ, ಟಿಕೆಟ್ ಒಂದೇ" ಅಂತ ಕೂಗುತ್ತಾರೆ. ನಾಚಿಕೆ ಆಗುತ್ತದೆ. ಸೀಟು ಸಿಗುತ್ತದೆ.

ಇನ್ನು ಕಾನೂನು. ನನ್ನ ತಂಗಿ ಬಿ.ಕಾಂ. ಓದುತ್ತಾಳೆ, ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. ಹೆರಿಗೆ ರಜೆ 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿದೆ. ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತಗೊಳ್ಳಬಹುದು. ನನ್ನ ಸಂಬಳದಲ್ಲಿ ನೂರಕ್ಕೆ 75 ಪೈಸೆ ಇಎಸ್‌ಐಗೆ, ಅಂದರೆ ಸರ್ಕಾರದ ಕಾರ್ಮಿಕ ವಿಮೆಗೆ ಹೋಗುತ್ತದೆ, ಹಾಗಾಗಿ ರಜೆಯ ದುಡ್ಡು ಕೊಡುವುದೂ ಇಎಸ್‌ಐ, ಸಾಹುಕಾರರಲ್ಲ. ಬಹಳ ಹೊತ್ತು ನಿಲ್ಲುವ ಕೆಲಸ ಕೊಡಬಾರದು ಅನ್ನುವ ಮಾತೂ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಓದಿದಾಗ ಖುಷಿಯಾಯಿತು. ತಂಗಿ ಮುಂದಿನ ಸಾಲು ಓದಿದಳು. ಬಸುರಿ ತಾನಾಗಿ ಕೇಳಿಕೊಂಡರೆ ಮಾತ್ರ. ಅದೂ ಹೆರಿಗೆಯ ಹಿಂದಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಅಷ್ಟಕ್ಕೇ. ಲೆಕ್ಕ ಹಾಕಿದೆವು. ಸುಮಾರು 30ನೇ ವಾರಕ್ಕೆ ಬರುತ್ತದೆ. ಅಂದರೆ ಕಾನೂನು ನನ್ನನ್ನು ಕೂರಿಸಲು ಇನ್ನೂ ಆರು ವಾರ ಬೇಕು. ಆ ಕಾಯ್ದೆಯ ಬದಲು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಲೆಕ್ಕ ಹಾಗೇ ಇದೆ. ಬರೆದವರಿಗೂ ನಡುವಿನ ತಿಂಗಳು ಆರಾಮು ಅನ್ನಿಸಿರಬೇಕು.

ಕಾರ್ಖಾನೆಗಳ ಕಥೆ ಬೇರೆ. 1948ರ ಕಾರ್ಖಾನೆ ಕಾಯ್ದೆಯೇ ನಿಂತು ದುಡಿಯುವವರಿಗೆ ಸಮಯ ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಅನ್ನುತ್ತಿತ್ತು. ಬಸುರಿ, ಬಾಣಂತಿ ಅಂತ ಭೇದ ಇರಲಿಲ್ಲ, ಎಲ್ಲರಿಗೂ. ಅಂಗಡಿ ಕೆಲಸದವರಿಗೆ ಇದನ್ನು ಮೊದಲು ತಂದುಕೊಟ್ಟವರು ಕಲ್ಲಿಕೋಟೆಯ ಹೆಂಗಸರು. ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳಲ್ಲಿ ನನ್ನ ಹಾಗೇ ನಿಂತು ದುಡಿಯುತ್ತಿದ್ದವರು. ಟೈಲರಿಂಗ್ ಮಾಡುತ್ತಿದ್ದ ಪಿ. ವಿಜಿ ಅನ್ನುವವರು ಅವರನ್ನು ಸೇರಿಸಿ ಪೆಣ್‌ಕೂಟ್ಟ್ ಅಂತ ಸಂಘ ಮಾಡಿಕೊಂಡು ವರ್ಷಗಟ್ಟಲೆ ಬಡಿದಾಡಿದರು. ಅವರದ್ದೂ ಇದೇ ಬೇಡಿಕೆ, ಕೂರಲು ಜಾಗ, ಹೋಗಲು ಶೌಚಾಲಯ. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾನೂನಿಗೆ ತಿದ್ದುಪಡಿ ತಂದಿತು. 2021ರಲ್ಲಿ ತಮಿಳುನಾಡು ತಂದಿತು. ನಮ್ಮ ಅಂಗಡಿಯ ಎರಡನೇ ಮಹಡಿಗೆ ಆ ಗಾಳಿ ಇನ್ನೂ ಬೀಸಿಲ್ಲ.

ಐದನೇ ತಿಂಗಳಲ್ಲಿ ಒಂದು ದಿನ ಸೀರೆ ಮಡಚುತ್ತಿದ್ದೆ. ಹೊಟ್ಟೆಯೊಳಗೆ ಏನೋ ಆಡಿತು. ನೆರಿಗೆಯ ಒಳಗಿಂದ ಯಾರೋ ಒಂದೇ ಬೆರಳಲ್ಲಿ ತಟ್ಟಿದ ಹಾಗೆ. ಸೀರೆ ಕೈಯಲ್ಲಿ ಹಾಗೇ ನಿಂತಿತು. ಕೂತು ಒಂದು ನಿಮಿಷ ಅದನ್ನೇ ಕೇಳಿಸಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಕೆಳಗಿನಿಂದ ಕಾಟನ್ ಕೇಳಿಕೊಂಡು ಗಿರಾಕಿ ಬಂದರು.

ಹೋದ ವಾರ ನಾನೇ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದೆ. ಮುನ್ನೂರ ಇಪ್ಪತ್ತು ರೂಪಾಯಿ. ಕೌಂಟರ್ ಕೆಳಗೆ ಸರಿಯಾಗಿ ಹಿಡಿಸುತ್ತದೆ, ಅಳತೆ ತಗೊಂಡೇ ತಂದಿದ್ದು. ಮೇಲೆ ತರಲು ಬಿಡಲಿಲ್ಲ. ಒಬ್ಬಳಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಅಂದರು. ಎಲ್ಲರೂ ಕೇಳಲಿ ಅಂತಲೇ ನಿಮಗೆ ಬರೆಯುತ್ತಿದ್ದೇನೆ. ಸ್ಟೂಲ್ ಈಗ ಕೆಳಗೆ ಬಾಗಿಲ ಹತ್ತಿರ ಇದೆ. ಸೆಕ್ಯುರಿಟಿ ಅಣ್ಣ ಅದರ ಮೇಲೆ ತಮ್ಮ ಊಟದ ಡಬ್ಬಿ ಇಡುತ್ತಾರೆ. "ಯಾವಾಗ ಬೇಕಾದ್ರೂ ತಗೊಂಡ್ ಹೋಗವ್ವ" ಅಂದಿದ್ದಾರೆ.

ಒಬ್ಬ ಸೀರೆ ಅಂಗಡಿ ಕೆಲಸದಾಕೆ
ಹರಿಹರ
(ದಯವಿಟ್ಟು ಹೆಸರು ಹಾಕಬೇಡಿ)